ನಮ್ಮ ಎರಡಾಣೆಗೆ ಮೈಲಿಗೆ ಇರಲಿಲ್ಲ

ಬಂಧುಗಳೇ, ಸ್ವಲ್ಪ ಉದ್ದದ ಬರಹ. ಪುರುಸೊತ್ತು ಮಾಡ್ಕೊಂಡು ಓದಿ.

ನಮ್ಮ ಅವಿಭಜಿತ ದಕ್ಷಿಣ ಕನ್ನಡವನ್ನು "ಬ್ಯಾಂಕುಗಳ ತೊಟ್ಟಿಲು" ಅಂತ ಕರೀತಾರೆ. ಭಾಷಣ ಮಾಡುವವರು ಈ ಮಾತು ಹೇಳದೆ ಮೈಕ್ ಬಿಡುವುದಿಲ್ಲ. ಸುಳ್ಳೇನಲ್ಲ. 1906ರಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು ಕಟ್ಟಿದ ಕಾರ್ಪೊರೇಷನ್ ಬ್ಯಾಂಕ್, ಅದೇ ವರ್ಷ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳ ಕೆನರಾ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ಎ.ಬಿ. ಶೆಟ್ಟರ ವಿಜಯಾ ಬ್ಯಾಂಕ್. ಒಂದೇ ಜಿಲ್ಲೆ, ಇಪ್ಪತ್ತೈದು ವರ್ಷ, ಐದು ಬ್ಯಾಂಕ್. ಹೆಮ್ಮೆಯೇ.

ಆದ್ರೆ ತೊಟ್ಟಿಲು ತೂಗಿದವರ ಫೋಟೋ ಗೋಡೆ ಮೇಲೆ ಉಂಟು. ತೊಟ್ಟಿಲ ಕೆಳಗಿನ ನೆಲ ಗುಡಿಸಿದವರದ್ದು ಎಲ್ಲಿ ಉಂಟು? ಕೌಂಟರಿನ ಆಚೆ ನಮ್ಮವರು ಕೂತದ್ದು ಯಾವಾಗ? ಕೂತ ಮೇಲೆ ಏನಾಯ್ತು? ಇವತ್ತು ಬರೀಬೇಕು ಅನ್ನಿಸಿದ್ದು ಆ ಚರಿತ್ರೆ.

*

ಬ್ಯಾಂಕಿಗೆ ಮೊದಲು ನಮ್ಮ ಕರಾವಳಿಯಲ್ಲಿ "ಕಂಪನಿ ಕೆಲಸ" ಅಂದ್ರೆ ಬಾಸೆಲ್ ಮಿಷನ್. 1834ರಲ್ಲಿ ಮಂಗಳೂರಿಗೆ ಬಂದ ಈ ಮಿಷನ್ 1851ರಲ್ಲಿ ನೇಯ್ಗೆ ಶುರು ಮಾಡಿತು, 1865ರಲ್ಲಿ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು. ಆಮೇಲೆ ನಮ್ಮ ಮಲ್ಪೆಯಲ್ಲೂ ಹೆಂಚು ಸುಡಲಿಕ್ಕೆ ಶುರುವಾಯ್ತು. ಮತಾಂತರ ಆದವರಿಗೆ ಊರಿನಲ್ಲಿ ಕೆಲಸ ತಪ್ಪುತ್ತಿತ್ತು, ಗೇಣಿ ಭೂಮಿ ತಪ್ಪುತ್ತಿತ್ತು. ಅವರಿಗೆ ಅನ್ನದ ದಾರಿ ಅಂತ ಹುಟ್ಟಿದ ಕಾರ್ಖಾನೆಗಳು ಅವು. ಅಲ್ಲಿ ಕೆಲಸ ಮಾಡಿದವರಲ್ಲಿ ಬಿಲ್ಲವ ಸಮುದಾಯದಿಂದ ಕ್ರೈಸ್ತರಾದವರೇ ಹೆಚ್ಚು.

ಆ ಕಾರ್ಖಾನೆಗಳು ಸ್ವರ್ಗ ಏನಲ್ಲ. ಗಂಟೆ ಹೊಡೆದರೆ ಒಳಗೆ, ಗಂಟೆ ಹೊಡೆದರೆ ಹೊರಗೆ. ಮೇಲಿನ ಕುರ್ಚಿ ಯುರೋಪಿನವರದ್ದೇ. ಆದರೆ ಒಂದು ಹೊಸ ಸಂಗತಿ ನಡೀತು. ನಿನ್ನ ಕೆಲಸ ನಿನ್ನ ಜಾತಿಗೆ ಅಂಟಿಕೊಂಡದ್ದಲ್ಲ, ಕಲಿತರೆ ಬರುವಂಥದ್ದು ಅನ್ನುವ ಮಾತು ಈ ನೆಲದಲ್ಲಿ ಮೊದಲ ಸಲ ಸಂಬಳದ ರೂಪದಲ್ಲಿ ಕೈಗೆ ಬಂತು.

ಅದೇ ಹೊತ್ತಿಗೆ ನಮ್ಮ ಹಿರಿಯರು ಎಲ್ಲಿದ್ದರು? ಧಣಿಗಳ ಗದ್ದೆಯಲ್ಲಿ ಮೂಲದ ಆಳುಗಳಾಗಿ ಇದ್ದರು. ಕೊರಗ ಬಂಧುಗಳಂತೂ ಅಜಲು ಅನ್ನುವ ಹೆಸರಿನಲ್ಲಿ ಎಂಜಲಿಗೆ, ಡೋಲಿಗೆ ಕಟ್ಟಿಹಾಕಲ್ಪಟ್ಟಿದ್ದರು. ಆ ಅಜಲು ಪದ್ಧತಿಯನ್ನು ಕಾನೂನು ಮಾಡಿ ನಿಷೇಧಿಸಲಿಕ್ಕೆ ನಮ್ಮ ಸರ್ಕಾರಕ್ಕೆ 2000ನೇ ಇಸವಿ ಬೇಕಾಯ್ತು ಅನ್ನೋದು ನೆನಪಿರಲಿ.

1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ನಮ್ಮ ಮಕ್ಕಳಿಗೆ ಶಾಲೆ ತೆರೆದರು. ಅವರ ಆಸೆ ಏನು ಅಂತ ನಮಗೆಲ್ಲ ಗೊತ್ತು. ತಮ್ಮ ಶಾಲೆಯ ಮಗು ಕಲಿತು, ಸರ್ಕಾರಿ ಕೆಲಸ ಹಿಡಿದು, ಊರಿನ ರಸ್ತೆಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಧೂಳು ತನ್ನ ತಲೆಗೆ ತಾಗಬೇಕು ಅಂತ. ಎಲ್ಲರೂ ಆ ಧೂಳಿನ ಮಾತನ್ನೇ ಹೇಳ್ತಾರೆ. ನಾನು ಹೇಳೋದು ಇನ್ನೊಂದು ಪದ. "ಸರ್ಕಾರಿ ಕೆಲಸ". ಖಾಸಗಿ ಬಾಗಿಲು ತಾನಾಗಿ ತೆರೆಯುವುದಿಲ್ಲ ಅಂತ ಆ ಮನುಷ್ಯನಿಗೆ ಚೆನ್ನಾಗಿ ಗೊತ್ತಿತ್ತು.

*

ಈಗ 1925ಕ್ಕೆ ಬರುವ. ಉಪೇಂದ್ರ ಪೈ, ವಾಮನ ಕುಡ್ವ, ಡಾ. ಟಿ.ಎಂ.ಎ. ಪೈ, ಮೂವರು ಸೇರಿ 8,000 ರೂಪಾಯಿ ಬಂಡವಾಳದಲ್ಲಿ ಉಡುಪಿಯಲ್ಲಿ "ಕೆನರಾ ಇಂಡಸ್ಟ್ರಿಯಲ್ ಅಂಡ್ ಬ್ಯಾಂಕಿಂಗ್ ಸಿಂಡಿಕೇಟ್" ಶುರು ಮಾಡಿದರು. ಕೈಮಗ್ಗದ ನೇಕಾರರು ಆಗ ಕಷ್ಟದಲ್ಲಿದ್ದರು, ಅವರಿಗೆ ಸಾಲದ ಸಹಾಯ ಮಾಡುವುದು ಮೊದಲ ಉದ್ದೇಶ. ಒಳ್ಳೆಯ ಉದ್ದೇಶವೇ.

ಅದೇ 1925ರ ಡಿಸೆಂಬರಿನಲ್ಲಿ ಬಾಬಾಸಾಹೇಬರು ಹಿಲ್ಟನ್ ಯಂಗ್ ಆಯೋಗದ ಎದುರು ಕೂತು ರೂಪಾಯಿಯ ಬಗ್ಗೆ ಸಾಕ್ಷ್ಯ ಹೇಳ್ತಾ ಇದ್ದರು. ದೇಶದ ನಾಣ್ಯ ಹೇಗಿರಬೇಕು ಅಂತ ಸಾಮ್ರಾಜ್ಯದ ಆಯೋಗಕ್ಕೆ ಪಾಠ ಹೇಳಬಲ್ಲ ಒಬ್ಬ ದಲಿತ ಅರ್ಥಶಾಸ್ತ್ರಜ್ಞ ಬಾಂಬೆಯಲ್ಲಿದ್ದ. ಆದರೆ ಅವರ ಜನ ಅದೇ ಬಾಂಬೆಯ ಬಟ್ಟೆ ಗಿರಣಿಗಳಲ್ಲಿ ನೇಯ್ಗೆ ವಿಭಾಗದ ಒಳಗೆ ಕಾಲಿಡುವಂತಿರಲಿಲ್ಲ. ಯಾಕೆ ಗೊತ್ತುಂಟಾ? ನೂಲು ತುಂಡಾದರೆ ಬಾಯಿಯ ಎಂಜಲು ತಾಗಿಸಿ ಜೋಡಿಸಬೇಕು. ಅಸ್ಪೃಶ್ಯರ ಎಂಜಲು ತಾಗಿದ ನೂಲನ್ನು ಸವರ್ಣ ಕಾರ್ಮಿಕ ಮುಟ್ಟೋದಿಲ್ಲ. ಹೆಚ್ಚು ಸಂಬಳ ಇದ್ದದ್ದು ಆ ವಿಭಾಗದಲ್ಲೇ. ಮಾಲೀಕ ಬೇಡ ಅಂದದ್ದಲ್ಲ, ಪಕ್ಕದ ಕಾರ್ಮಿಕನೇ ಬೇಡ ಅಂದದ್ದು. 1928ರ ಗಿರಣಿ ಮುಷ್ಕರದ ಹೊತ್ತಿಗೆ ಬಾಬಾಸಾಹೇಬರು ಈ ಪ್ರಶ್ನೆಯನ್ನು ಕಾರ್ಮಿಕ ನಾಯಕರ ಎದುರಿಗೇ ಇಟ್ಟರು.

ಇದನ್ನು ಯಾಕೆ ಹೇಳಿದೆ ಅಂದ್ರೆ, ಕೆಲಸದ ಜಾಗದ "ಸಂಸ್ಕೃತಿ" ಅಂತ ಈಗ ಎಚ್‌ಆರ್‌ನವರು ಹೇಳ್ತಾರಲ್ಲ, ಅದು ನಿಯಮ ಪುಸ್ತಕದಲ್ಲಿ ಇರುವುದಿಲ್ಲ. ಒಂದು ಎಂಜಲು ತಾಗಿದ ನೂಲಿನಲ್ಲಿ ಇರುತ್ತದೆ. ಒಂದು ಚಹಾದ ಗ್ಲಾಸಿನಲ್ಲಿ ಇರುತ್ತದೆ.

*

1928ರಲ್ಲಿ ಈ ಸಿಂಡಿಕೇಟ್ ಪಿಗ್ಮಿ ಯೋಜನೆ ತಂದಿತು. ದಿನಕ್ಕೆ ಎರಡಾಣೆ ಆದರೂ ಸಾಕು, ನಿಮ್ಮ ಮನೆ ಬಾಗಿಲಿಗೆ ಬಂದು ತಗೊಂಡು ಹೋಗ್ತೇವೆ ಅಂತ. ಗೂಡಂಗಡಿಯವರು, ಮೀನು ಮಾರುವ ಹೆಂಗಸರು, ಕೂಲಿಯವರು, ಬೀಡಿ ಕಟ್ಟುವವರು, ಎಲ್ಲರ ಚಿಲ್ಲರೆಯೂ ಬ್ಯಾಂಕಿಗೆ ಬಂತು. ನಮ್ಮ ಕರಾವಳಿಯ ದೊಡ್ಡ ದೊಡ್ಡ ಕಟ್ಟಡಗಳ ಬುಡದಲ್ಲಿ ಈ ಎರಡಾಣೆಗಳು ಉಂಟು.

ಕಾಪುವಿನಲ್ಲಿ ನನ್ನ ಅಜ್ಜಿ ಬೀಡಿ ಕಟ್ಟಿ ಪಿಗ್ಮಿಗೆ ಹಾಕ್ತಿದ್ದಳು. ಯಾವ ಬ್ಯಾಂಕೋ, ಅದು ಬೇಡ. ಸಂಗ್ರಹಕ್ಕೆ ಬರುವವರು ಅಂಗಳದ ಆಚೆ ನಿಲ್ಲುತ್ತಿದ್ದರಂತೆ. ಅಜ್ಜಿ ದುಡ್ಡನ್ನು ಕಟ್ಟೆ ಮೇಲೆ ಇಡುವುದು, ಅವರು ಎತ್ತಿಕೊಳ್ಳುವುದು. ಆಕೆಯ ಕೈ ಮುಟ್ಟುವ ಹಾಗಿಲ್ಲ, ಆಕೆಯ ದುಡ್ಡು ಮುಟ್ಟಬಹುದು. ನಮ್ಮ ಎರಡಾಣೆಗೆ ಮೈಲಿಗೆ ಇರಲಿಲ್ಲ ಮಾರಾಯ್ರೆ, ನಮಗೆ ಮಾತ್ರ ಇತ್ತು.

ಹಾಗಂತ ಪಿಗ್ಮಿ ಸಂಗ್ರಹ ಮಾಡ್ತಿದ್ದವರು ಸುಖದಲ್ಲಿದ್ದರು ಅಂತ ತಿಳ್ಕೊಳ್ಬೇಡಿ. ಬಿಸಿಲು ಮಳೆ ಅನ್ನದೆ ಸೈಕಲ್ ತುಳಿದು ಮನೆಮನೆ ತಿರುಗುವುದು. ಸಂಬಳ ಇಲ್ಲ, ಕಮಿಷನ್. ರಜೆ ಇಲ್ಲ, ಪಿಂಚಣಿ ಇಲ್ಲ. ಬ್ಯಾಂಕಿನ ಹೆಸರು ಹೇಳಿಕೊಂಡೇ ದುಡ್ಡು ತರಬೇಕು, ಆದರೆ ಬ್ಯಾಂಕಿನ ನೌಕರ ಅಲ್ಲ. ಈ ಪ್ರಶ್ನೆ 1980ರಲ್ಲಿ ಹೈದರಾಬಾದಿನ ಕೈಗಾರಿಕಾ ನ್ಯಾಯಮಂಡಳಿಗೆ ಹೋಯಿತು. ಇವರು ಬರೀ ಏಜೆಂಟರು, ಹೊತ್ತು ಗೊತ್ತಿಲ್ಲದೆ ತಮ್ಮ ಇಷ್ಟದಂತೆ ಕೆಲಸ ಮಾಡುವವರು, ಕಾರ್ಮಿಕರೇ ಅಲ್ಲ ಅಂತ ಬ್ಯಾಂಕುಗಳು ವಾದ ಮಾಡಿದವು. 1988ರ ಡಿಸೆಂಬರಿನಲ್ಲಿ ನ್ಯಾಯಮಂಡಳಿ ಸಂಗ್ರಾಹಕರ ಪರವಾಗಿ ತೀರ್ಪು ಕೊಟ್ಟಿತು. ಬ್ಯಾಂಕುಗಳು ಹೈಕೋರ್ಟಿಗೆ ಹೋದವು, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋದವು. 2001ರ ಫೆಬ್ರವರಿ 13ರಂದು ಸುಪ್ರೀಂ ಕೋರ್ಟ್ ಹೇಳಿತು: ಇವರು ಕಾರ್ಮಿಕರೇ, ಇವರ ಕಮಿಷನ್ ಕೂಡ ಕೂಲಿಯೇ. ಆ ಮೊಕದ್ದಮೆಯ ಹೆಸರೇ ನೋಡಿ, ಭಾರತೀಯ ಬ್ಯಾಂಕುಗಳ ಸಂಘ ವಿರುದ್ಧ ಸಿಂಡಿಕೇಟ್ ಬ್ಯಾಂಕಿನ ಕಾರ್ಮಿಕರು.

"ನೀನು ಕೆಲಸಗಾರ ಹೌದು" ಅಂತ ಹೇಳಿಸಿಕೊಳ್ಳಲಿಕ್ಕೆ ಇಪ್ಪತ್ತು ವರ್ಷ! ಅದಾದ ಮೇಲೂ ಪಿಗ್ಮಿ ಸಂಗ್ರಾಹಕರು ಖಾಯಂ ನೌಕರರ ಸಾಲಿಗೆ ಸೇರಲಿಲ್ಲ. ಈಗ ಬೈಕ್ ಮೇಲೆ ಊಟ ಹೊತ್ತು ತಿರುಗುವ ಹುಡುಗರನ್ನು "ಪಾರ್ಟ್‌ನರ್" ಅಂತಾರಲ್ಲ, ಅದರ ಅಜ್ಜ ನಮ್ಮ ಉಡುಪಿಯಲ್ಲೇ ಹುಟ್ಟಿದ್ದು. ಗಿಗ್ ಕಾರ್ಮಿಕರಿಗೆ ಕರ್ನಾಟಕದಲ್ಲಿ ಕಾನೂನು ಆದದ್ದು 2025ರಲ್ಲಿ.

ಇಷ್ಟು ಕಷ್ಟದ ಈ ಕೆಲಸಕ್ಕೆ ಸೇರಬೇಕಾದರೂ ಜಾಮೀನು ಬೇಕು, ಪೇಟೆಯಲ್ಲಿ ನಂಬುವ ಜನ ಬೇಕು. ಜಮೀನೇ ಇಲ್ಲದವರಿಗೆ ಜಾಮೀನು ನಿಲ್ಲುವವರು ಯಾರು?

*

1969ರ ಜುಲೈ 19. ಹದಿನಾಲ್ಕು ಬ್ಯಾಂಕುಗಳ ರಾಷ್ಟ್ರೀಕರಣ. ನಮ್ಮ ಕೆನರಾ, ಸಿಂಡಿಕೇಟ್ ಎರಡೂ ಅದರಲ್ಲಿ. 1980ರ ಏಪ್ರಿಲ್‌ನಲ್ಲಿ ಕಾರ್ಪೊರೇಷನ್, ವಿಜಯಾ ಕೂಡ ಸೇರಿದವು.

ಇಲ್ಲಿಂದ ನಮ್ಮ ಕಥೆ ಶುರು. ಖಾಸಗಿ ಬ್ಯಾಂಕಿನಲ್ಲಿ ಮೀಸಲಾತಿ ಇರಲಿಲ್ಲ, ಯಾರನ್ನು ತಗೊಳ್ಳಬೇಕು ಅನ್ನೋದು ಆಡಳಿತದವರ ಇಷ್ಟ. "ನಮ್ಮ ಬ್ಯಾಂಕ್ ಒಂದು ಕುಟುಂಬ ಇದ್ದ ಹಾಗೆ" ಅಂತ ಹಳೇ ನೌಕರರು ಪ್ರೀತಿಯಿಂದ ಹೇಳುವುದನ್ನು ನಾನು ಕೇಳಿದ್ದೇನೆ. ಅವರ ಪ್ರೀತಿ ಸುಳ್ಳಲ್ಲ. ಆದರೆ ಬಂಧುಗಳೇ, ಈ ದೇಶದಲ್ಲಿ ಕುಟುಂಬ ಅಂದ್ರೇನೇ ಜಾತಿ. ಕುಟುಂಬದ ಒಳಗೆ ನಾವು ಹುಟ್ಟಲಿಕ್ಕೆ ಸಾಧ್ಯವಿಲ್ಲವಲ್ಲ!

ಮನಸ್ಸು ಮಾಡಿದ್ರೆ ಆಡಳಿತಕ್ಕೆ ಬದಲಾವಣೆ ಸಾಧ್ಯ ಇತ್ತು. ರಾಷ್ಟ್ರೀಕರಣಕ್ಕೂ ಮೊದಲೇ ಬೆಂಗಳೂರಿನ ಶೇಷಾದ್ರಿಪುರದಲ್ಲಿ ಪೂರ್ತಿ ಹೆಂಗಸರೇ ನಡೆಸುವ ಶಾಖೆಯನ್ನು ತೆರೆದದ್ದು ಇದೇ ಸಿಂಡಿಕೇಟ್ ಬ್ಯಾಂಕ್. ಅದನ್ನು ನಾನು ಮೆಚ್ಚುತ್ತೇನೆ. ಆದರೆ ನಮ್ಮ ಬಾಗಿಲು ಯಾವ ಬ್ಯಾಂಕಿನ ಮನಸ್ಸಿನಿಂದಲೂ ತೆರೆಯಲಿಲ್ಲ. ರಾಷ್ಟ್ರೀಕರಣ ಆಗಿ, 1970ರ ದಶಕದಲ್ಲಿ ಪರಿಶಿಷ್ಟರ ಮೀಸಲಾತಿ ಬ್ಯಾಂಕುಗಳ ಒಳಗೆ ಬಂದ ಮೇಲೆಯೇ ತೆರೆದದ್ದು. ನೂರಕ್ಕೆ 15, ಏಳೂವರೆ. ರೋಸ್ಟರ್ ಪುಸ್ತಕ. ಪರೀಕ್ಷೆ. ಅಷ್ಟೇ ನಮ್ಮ ಜಾಮೀನು.

ಇನ್ನೊಂದು ಮುಖ್ಯ ಮಾತು. 1974ರ ಭೂಸುಧಾರಣೆ ಕರಾವಳಿಯ ಗೇಣಿದಾರರಿಗೆ ಭೂಮಿ ಕೊಟ್ಟಿತು. ಗೇಣಿಗೂ ಭೂಮಿ ಇಲ್ಲದೆ ಬರೀ ಆಳುಗಳಾಗಿದ್ದ ನಮ್ಮವರಲ್ಲಿ ಬಹಳ ಜನಕ್ಕೆ ಮನೆ ಅಡಿಯ ಜಾಗ ಬಿಟ್ಟರೆ ಏನೂ ಬರಲಿಲ್ಲ. ಉಳಿದವರಿಗೆ ಗದ್ದೆ ಬಂತು, ನಮಗೆ ಬಂದದ್ದು ಒಂದು ಅರ್ಜಿ ಫಾರಂ. ಹಾಗಾಗಿ ಒಂದು ಬ್ಯಾಂಕ್ ಕೆಲಸ ಅಂದ್ರೆ ನಮ್ಮ ಕೇರಿಗೆ ಬರೀ ಕೆಲಸ ಅಲ್ಲ, ಅದೇ ನಮ್ಮ ಐದು ಎಕರೆ.

*

ನನ್ನ ಮಾವ, ಅಮ್ಮನ ತಮ್ಮ, ಎಂಬತ್ತರ ದಶಕದಲ್ಲಿ ಪರೀಕ್ಷೆ ಬರೆದು ಒಂದು ಬ್ಯಾಂಕಿಗೆ ಕ್ಲಾರ್ಕ್ ಆಗಿ ಸೇರಿದರು. ಬ್ಯಾಂಕಿನ ಹೆಸರು, ಪೇಟೆಯ ಹೆಸರು ಬರೆಯುವುದಿಲ್ಲ. ಅದು ಯಾವ ಬ್ಯಾಂಕಾದರೂ ಆಗಿರಬಹುದಿತ್ತು.

ಮೊದಲ ದಿನ ಒಬ್ಬರು ಕೇಳಿದರಂತೆ, "ನೀವು ಕೋಟದವರಾ?"

ಮಾವ ಪಾಪ, "ಅಲ್ಲ ಸಾರ್, ನಾನು ಕಾಪುವಿನವ, ಕೋಟ ನಮಗೆ ದೂರ" ಅಂದರು.

ಇಡೀ ಶಾಖೆ ನಗಾಡಿತು. ಅವರು ಕೇಳಿದ್ದು ಬ್ರಹ್ಮಾವರದ ಆಚೆಗಿನ ಕೋಟ ಅಲ್ಲ, ಸರ್ಕಾರದ ಕೋಟಾ ಅಂತ ಮಾವನಿಗೆ ಅರ್ಥವಾದದ್ದು ರಾತ್ರಿ ಮನೆಗೆ ಬಂದ ಮೇಲೆ. ಮೂವತ್ತು ವರ್ಷ ಆ ಹೆಸರು ಹೋಗಲಿಲ್ಲ. ಅವರು ಲೆಕ್ಕ ತಪ್ಪಿದರೆ "ಕೋಟಾ ಅಲ್ವಾ". ಬೇರೆಯವರು ತಪ್ಪಿದರೆ "ಪಾಪ, ಕೆಲಸ ಹೆಚ್ಚಾಯ್ತು".

ಬಹಳ ಕಾಲ ಅವರನ್ನು ಕ್ಯಾಶ್ ಕೌಂಟರಿಗೆ ಹಾಕಲಿಲ್ಲ. ಟಪಾಲು ಬರೆಯುವುದು, ಹಳೇ ವೋಚರ್ ಹೊಲಿದು ಕಟ್ಟುವುದು, ಅದೇ. ಕ್ಯಾಶಿನಲ್ಲಿ ಕೂತರೆ ಭತ್ಯೆ ಬರುತ್ತದೆ, ಅದು ತಪ್ಪಿತು. ದುಡ್ಡಿನ ವಿಷಯ ಒಂದು ಕಡೆ ಇರಲಿ. ಪೇಟೆಯ ಗಿರಾಕಿಗಳು ಇವರ ಕೈಯಿಂದ ನೋಟು ಎಣಿಸಿಕೊಳ್ಳುವುದು ಬೇಡ ಅಂತ ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯವೇ ಇರಲಿಲ್ಲ.

ಮಧ್ಯಾಹ್ನ ಎಲ್ಲರೂ ಒಂದೇ ಮೇಜಿಗೆ ಊಟಕ್ಕೆ ಕೂರುತ್ತಿದ್ದರು. ಮಾವ ಡಬ್ಬಿ ತೆರೆದರೆ ಒಬ್ಬೊಬ್ಬರಿಗೂ ಅರ್ಜೆಂಟ್ ಕೆಲಸ ನೆನಪಾಗುತ್ತಿತ್ತು. ಸತ್ಯನಾರಾಯಣ ಪೂಜೆಯ ಪ್ರಸಾದ ಮರುದಿನ ಮಾವನ ಮೇಜಿಗೂ ಬರುತ್ತಿತ್ತು. ಪೂಜೆಗೆ ಕರೆ ಮಾತ್ರ ಬರುತ್ತಿರಲಿಲ್ಲ. ವರ್ಗ ಆದ ಊರಿನಲ್ಲಿ ಬ್ಯಾಂಕು ಮನೆ ಬಾಡಿಗೆ ಭತ್ಯೆ ಕೊಡುತ್ತದೆ, ಬಾಡಿಗೆ ಮನೆ ಕೊಡುವವರು ಇರಬೇಕಲ್ಲ! "ಎಂಥ ಜನ?" ಅಂತ ಕೇಳಿದ ಮೇಲೆ ಮನೆ ನಿನ್ನೆಯೇ ಬೇರೆಯವರಿಗೆ ಕೊಟ್ಟಾಗಿರುತ್ತಿತ್ತು. ಎರಡು ವರ್ಷ ಬೆಳಗ್ಗೆ ಆರರ ಬಸ್ಸಿಗೆ ಹೊರಟು ರಾತ್ರಿ ಬಂದರು. ಬಸ್ ತಡವಾದ ದಿನ ಮ್ಯಾನೇಜರ್ ಹಾಜರಿ ಪುಸ್ತಕದಲ್ಲಿ ಕೆಂಪು ಗೆರೆ ಎಳೆದಿಟ್ಟಿರುತ್ತಿದ್ದರು. ಕೆಂಪು ಗೆರೆಗೆ ನಿಯಮ ಉಂಟು, ಮನೆ ಸಿಗದ್ದಕ್ಕೆ ನಿಯಮ ಇಲ್ಲ.

ನ್ಯಾಯವಾಗಿ ಹೇಳಬೇಕು, ಯೂನಿಯನ್ನಿನ ಒಬ್ಬರು ಹಿರಿಯರು ದಿನಾ ಮಾವನ ಜೊತೆ ಕೂತು, ಮಾವನ ಡಬ್ಬಿಯ ಬೂತಾಯಿ ಗಸಿ ಹಾಕಿಕೊಂಡು ಊಟ ಮಾಡಿದರು. ಮಾವ ತೀರಿಹೋಗುವ ತನಕ ಅವರ ಹೆಸರು ಹೇಳುತ್ತಿದ್ದರು. ಆದರೆ ಯೂನಿಯನ್ ಸಂಬಳಕ್ಕೆ ಬಾವುಟ ಹಿಡಿಯಿತು, ಬೋನಸ್ಸಿಗೆ ಹಿಡಿಯಿತು, ಊಟದ ಮೇಜಿಗೆ ಹಿಡಿಯಲಿಲ್ಲ. ಬಾಂಬೆ ಗಿರಣಿಯ ನೂಲಿನ ಕಥೆ ಅರವತ್ತು ವರ್ಷ ಆದ ಮೇಲೂ ಅದೇ.

*

ಇನ್ನು ಶಾಖೆ ಗುಡಿಸುವವರ ಮಾತು. ಬ್ಯಾಂಕಿನ ಭಾಷೆಯಲ್ಲಿ "ಪಾರ್ಟ್ ಟೈಮ್ ಸ್ವೀಪರ್". ವಾರಕ್ಕೆ ಎಷ್ಟು ಗಂಟೆ ಗುಡಿಸುತ್ತೀರಿ ಅನ್ನುವುದರ ಮೇಲೆ ಸಂಬಳ. ಮೂರನೇ ಒಂದು ಭಾಗ, ಅರ್ಧ, ಮುಕ್ಕಾಲು. ಸೇರಿದಾಗ ಮೂರನೇ ಒಂದು ಭಾಗದ ನೌಕರ, ಹತ್ತು ವರ್ಷ ಕಳೆದ ಮೇಲೆ ಅರ್ಧ ನೌಕರ. ಇಡೀ ಮನುಷ್ಯನಾಗುವ ಹೊತ್ತಿಗೆ ನಿವೃತ್ತಿ!

ಈ ಹುದ್ದೆಗೆ ಮಾತ್ರ ನಮ್ಮವರನ್ನು ಹುಡುಕಲಿಕ್ಕೆ ಯಾವ ಬ್ಯಾಂಕೂ ಕಷ್ಟಪಡಲಿಲ್ಲ. "ಅರ್ಹರು ಸಿಗಲಿಲ್ಲ" ಅನ್ನುವ ಷರಾ ಗುಡಿಸುವ ಕೆಲಸದ ಎದುರು ಬರೆದದ್ದನ್ನು ನೀವು ಯಾರಾದರೂ ನೋಡಿದ್ದೀರಾ?

ಆದರೂ ಒಂದು ಮಾತು ಹೇಳ್ತೇನೆ. ಆ ಮೂರನೇ ಒಂದು ಭಾಗದ ಕೆಲಸಕ್ಕೂ ಒಂದು ನೇಮಕಾತಿ ಪತ್ರ ಇತ್ತು. ಪಿಎಫ್ ಇತ್ತು. ಅಮ್ಮ ಗುಡಿಸಿದ ಶಾಖೆಯಂಥದ್ದೇ ಶಾಖೆಯಲ್ಲಿ ಮಗಳು ಆಫೀಸರ್ ಆಗಿ ಕೂತ ಮನೆಗಳು ನಮ್ಮ ಜಿಲ್ಲೆಯಲ್ಲಿ ಉಂಟು, ಕಾರ್ಕಳದಲ್ಲಿ ಅಂಥ ಒಂದು ಮನೆಯಲ್ಲಿ ನಾನು ಊಟ ಮಾಡಿದ್ದೇನೆ.

ಆಫೀಸರ್ ಆದ ಮೇಲೆ? ಸ್ಕೇಲ್ ಒಂದಕ್ಕೆ ಸೇರುವ ತನಕ ಮೀಸಲಾತಿ ಇದೆ. ಅಲ್ಲಿಂದ ಮೇಲಿನ ಬಡ್ತಿಗೆ? 2015ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಸ್ಕೇಲ್ ಆರರ ತನಕ ಉಂಟು ಅಂದಿತು. ನಮ್ಮವರು ಸಿಹಿ ಹಂಚಿದರು. ಮರುವರ್ಷ, 2016ರ ಜನವರಿಯಲ್ಲಿ, ಅದೇ ಕೋರ್ಟ್ ತನ್ನ ತೀರ್ಪನ್ನು ತಿದ್ದಿಕೊಂಡು, ಇಲ್ಲ, ಅದು ಮೀಸಲಾತಿ ಅಲ್ಲ, ರಿಯಾಯಿತಿ ಮಾತ್ರ ಅಂದಿತು. ಬಾಗಿಲ ತನಕ ಹಕ್ಕು, ಏಣಿಗೆ ದಯೆ. ಬಡ್ತಿ ಸಂದರ್ಶನದಲ್ಲಿ ಮಾರ್ಕು ಕೊಡುವವರು ಯಾರು, ವರ್ಷದ ಗೋಪ್ಯ ವರದಿ ಬರೆಯುವವರು ಯಾರು, ಅಲ್ಲಿ ನಮ್ಮವರ ಎಷ್ಟು ಹೆಸರು ನಿಂತುಹೋಗಿವೆ ಅನ್ನುವುದು ಒಳಗಿದ್ದವರಿಗೆ ಗೊತ್ತು.

ಕೌಂಟರಿನ ಆಚೆ ನಮ್ಮವರೊಬ್ಬರು ಇರುವುದು ಯಾಕೆ ಮುಖ್ಯ ಅಂತ ಕೆಲವರು ಕೇಳ್ತಾರೆ. 1972ರಿಂದ ಶೇ. 4ರ ಬಡ್ಡಿಗೆ ಬಡವರಿಗೆ ಸಾಲ ಕೊಡುವ ಯೋಜನೆ ಉಂಟು. ಆಮೇಲೆ ಜನಾರ್ದನ ಪೂಜಾರಿಯವರು ಕೇಂದ್ರದಲ್ಲಿ ಮಂತ್ರಿಯಾಗಿದ್ದಾಗ ಸಾಲಮೇಳಗಳು ನಡೆದವು. ನಮ್ಮವರು ಮೊದಲ ಸಲ ಚಪ್ಪಲಿ ಹೊರಗೆ ಬಿಟ್ಟು ಬ್ಯಾಂಕಿನ ಒಳಗೆ ಬಂದರು. ಹೌದು, ಚಪ್ಪಲಿ ಹೊರಗೆ ಬಿಟ್ಟು! ಆಗ "ಚಪ್ಪಲಿ ಹಾಕ್ಕೊಂಡೇ ಬನ್ನಿ ಅಕ್ಕ, ಇದು ದೇವಸ್ಥಾನ ಅಲ್ಲ" ಅಂತ ಹೇಳಿ, ಫಾರಂ ತುಂಬಿಸಿ ಕೊಟ್ಟದ್ದು ಮಾವನಂಥವರು. ಅದನ್ನು ಯಾವ ಬ್ಯಾಂಕಿನ ಸ್ಮರಣ ಸಂಚಿಕೆಯೂ ಬರೆಯಲಿಲ್ಲ.

*

ಈಗ ನಾವು ಎಲ್ಲಿದ್ದೇವೆ?

2019ರ ಏಪ್ರಿಲ್ 1ಕ್ಕೆ ವಿಜಯಾ ಬ್ಯಾಂಕ್ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ಕ್ಕೆ ಸಿಂಡಿಕೇಟ್ ಕೆನರಾದಲ್ಲಿ, ಕಾರ್ಪೊರೇಷನ್ ಯೂನಿಯನ್ ಬ್ಯಾಂಕಿನಲ್ಲಿ. ಒಂದೇ ವರ್ಷದ ಅಂತರದಲ್ಲಿ ತೊಟ್ಟಿಲಿನ ಮೂರು ಹೆಸರು ಅಳಿಸಿಹೋದವು. ಊರಿಡೀ ಅತ್ತಿತು, ಮಣಿಪಾಲದ ಪ್ರಧಾನ ಕಚೇರಿಯ ನೆನಪು ಬರೆದು ಪತ್ರಿಕೆಗಳು ಪುಟ ತುಂಬಿಸಿದವು. ನನಗೂ ಬೇಸರವೇ. ಆದರೆ ನಮ್ಮ ಬೇಸರದ ಕಾರಣ ಬೇರೆ. ಹೆಸರು ಹೋದದ್ದಕ್ಕಲ್ಲ, ಹುದ್ದೆ ಹೋದದ್ದಕ್ಕೆ. ಎರಡು ಶಾಖೆ ಒಂದಾದರೆ ಗುಡಿಸುವವರು ಒಬ್ಬರೇ ಸಾಕು, ಆ ಒಬ್ಬರೂ ಈಗ ಏಜೆನ್ಸಿಯವರು. ಎಟಿಎಂ ಕಾವಲಿನವನು ಏಜೆನ್ಸಿ, ಹೌಸ್ ಕೀಪಿಂಗ್ ಏಜೆನ್ಸಿ. ಏಜೆನ್ಸಿಯ ಹತ್ತಿರ ರೋಸ್ಟರ್ ಪುಸ್ತಕ ಯಾರು ಕೇಳ್ತಾರೆ? ಗುಡಿಸುವ ಕೈಗಳು ಹಳೆಯವೇ, ಮೂರನೇ ಒಂದು ಭಾಗದ ನೇಮಕಾತಿ ಪತ್ರ ಮಾತ್ರ ಮಾಯ.

ಮಣಿಪಾಲ, ಉಡುಪಿಯಲ್ಲಿ ಇವತ್ತು ನಮ್ಮ ಹುಡುಗ ಹುಡುಗಿಯರು ಕೆಲಸ ಹುಡುಕುವುದು ಹೆಚ್ಚಾಗಿ ಖಾಸಗಿ ಕಂಪನಿ, ಆಸ್ಪತ್ರೆ, ಕಾಲೇಜುಗಳಲ್ಲಿ. ಅಲ್ಲಿ ಮೀಸಲಾತಿ ಇಲ್ಲ. ಅಲ್ಲಿ ಕೂಡ "ನಾವೆಲ್ಲ ಒಂದು ಫ್ಯಾಮಿಲಿ" ಅಂತಲೇ ಶುರು. "ಕಲ್ಚರ್ ಫಿಟ್" ಅಂತ ಒಂದು ಹೊಸ ಪದ ಬಂದಿದೆ. ಸಂದರ್ಶನದಲ್ಲಿ "ಅಪ್ಪ ಏನು ಮಾಡ್ತಾರೆ, ಸರ್‌ನೇಮ್ ಏನು" ಅಂತ ನಗುನಗುತ್ತಾ ಕೇಳ್ತಾರೆ. ಮಾವನಿಗೆ ಕೇಳಿದ "ಕೋಟದವರಾ?" ಪ್ರಶ್ನೆಯೇ ಇದು, ಎಸಿ ರೂಮಿನಲ್ಲಿ, ಇಂಗ್ಲಿಷಿನಲ್ಲಿ. ವ್ಯತ್ಯಾಸ ಒಂದೇ. ಮಾವನಿಗೆ ನಗಾಡಿದರೂ ಹೊರಗೆ ಹಾಕಲಿಕ್ಕೆ ಆಗಲಿಲ್ಲ. ಇವರನ್ನು ಒಳಗೆ ತಗೊಳ್ಳುವುದೇ ಬೇಡವಲ್ಲ.

ನೂರು ವರ್ಷದ ಈ ಚರಿತ್ರೆ ನನಗೆ ಕಲಿಸಿದ್ದು ಇಷ್ಟೇ. ಒಳ್ಳೆಯ ಮಾಲೀಕ, ಒಳ್ಳೆಯ ಮ್ಯಾನೇಜರ್, ಒಳ್ಳೆಯ ಸಹೋದ್ಯೋಗಿ, ಎಲ್ಲರೂ ಇರಬಹುದು. ನಮಗೆ ಬಾಗಿಲು ತೆರೆದದ್ದು ಅವರ ಒಳ್ಳೆಯತನ ಅಲ್ಲ, ಕಾನೂನು. ಬಾಗಿಲು ಮುಚ್ಚುತ್ತಿರುವುದು ಯಾರದ್ದೋ ಕೆಟ್ಟತನದಿಂದಲೂ ಅಲ್ಲ, ಕಾನೂನು ತಲುಪದ ಜಾಗಕ್ಕೆ ಕೆಲಸವನ್ನು ಸಾಗಿಸಿ ಮುಚ್ಚುತ್ತಿದ್ದಾರೆ. ಹಾಗಾಗಿ ಖಾಸಗಿ ರಂಗದಲ್ಲಿ ಮೀಸಲಾತಿ, ಹೊರಗುತ್ತಿಗೆಯಲ್ಲಿ ಮೀಸಲಾತಿ ಅಂತ ನಾವು ಕೂಗುವುದು ಭಿಕ್ಷೆಯ ಕೂಗಲ್ಲ. ಅಜ್ಜಿಯ ಎರಡಾಣೆಯ ಬಾಕಿ ಕೇಳ್ತಾ ಇದ್ದೇವೆ.

ಕೊನೆಗೆ ಒಂದು ವಿನಂತಿ. ಎಪ್ಪತ್ತು, ಎಂಬತ್ತರ ದಶಕದಲ್ಲಿ ಬ್ಯಾಂಕ್, ಎಲ್‌ಐಸಿ, ಅಂಚೆ, ಟೆಲಿಫೋನ್ ಇಲಾಖೆಗಳಿಗೆ ಸೇರಿದ ನಮ್ಮ ಮೊದಲ ತಲೆಮಾರು ಈಗ ಎಪ್ಪತ್ತು ದಾಟಿದೆ. ನಿಮ್ಮ ಮನೆಯಲ್ಲಿ ಅಂಥ ಅಪ್ಪ, ದೊಡ್ಡಮ್ಮ, ಮಾವ ಇದ್ದರೆ ಈ ಭಾನುವಾರ ಅವರ ಹತ್ತಿರ ಕೂತು ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿ. ಮೊದಲ ದಿನ ಎಲ್ಲಿ ಕೂರಿಸಿದರು, ಚಹಾ ಯಾವ ಗ್ಲಾಸಿನಲ್ಲಿ ಕೊಟ್ಟರು, ಯಾರು ಜೊತೆಗೆ ಉಂಡರು, ಕೇಳಿ. ಅವರು ಮೊದಲು "ಅದೆಲ್ಲ ಯಾಕೆ ಬಿಡು" ಅಂತಾರೆ. ಬಿಡಬೇಡಿ.

ನನ್ನ ಮಾವನನ್ನು ನಾನು ಪೂರ್ತಿ ಕೇಳಿಕೊಳ್ಳಲಿಲ್ಲ. ನಿವೃತ್ತಿಯ ದಿನ ಶಾಖೆಯಲ್ಲಿ ಶಾಲು ಹೊದಿಸಿ, ಹಾರ ಹಾಕಿ, "ಇವರು ನಮ್ಮ ಕುಟುಂಬದವರು" ಅಂತ ಭಾಷಣ ಮಾಡಿದರಂತೆ. ಮನೆಗೆ ಬಂದು ಹಾರ ತೆಗೆದು ಬಾಬಾಸಾಹೇಬರ ಫೋಟೋಗೆ ಹಾಕಿದರು. ಏನೂ ಮಾತಾಡಲಿಲ್ಲ.

ಜೈ ಭೀಮ್.